ಹೆಲ್ಮೆಟ್ ತಂದುಕೊಟ್ಟರೂ ಯಾರೂ ಹಾಕುವುದಿಲ್ಲ: ಬರೆಯ ಕೆಳಗೆ ಕೆಲಸ ಮಾಡುವವರನ್ನು ಕಾಯುವುದು ಹೇಗೆ?

ಪ್ರಶ್ನೆ: ವಿರಾಜಪೇಟೆ ಕಡೆಯ ಸಣ್ಣ ಕಂಟ್ರಾಕ್ಟರ್ ನಾನು. ಮಡಿಕೇರಿ ಸಮೀಪ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು ಸಮ ಮಾಡಿದ ಜಾಗದಲ್ಲಿ ಮೂರು ಅಂತಸ್ತಿನ ಹೋಂಸ್ಟೇ ಕಟ್ಟುವ ಕೆಲಸ ಹಿಡಿದಿದ್ದೇನೆ. ದಿನಕ್ಕೆ ಸುಮಾರು ಇಪ್ಪತ್ತು ಮಂದಿ ಇರುತ್ತಾರೆ; ಆರೇಳು ಜನ ಊರಿನವರು, ಉಳಿದವರು ಮೇಸ್ತ್ರಿ ಕರೆತಂದ ಅಸ್ಸಾಂ ಮತ್ತು ಬಂಗಾಳದ ಹುಡುಗರು. ಮಾರ್ಚ್‌ನಲ್ಲಿ ಒಬ್ಬ ಸಾರುವೆಯಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಏಪ್ರಿಲ್‌ನ ಮಳೆಗೆ ಹಿಂಬದಿಯ ಬರೆ ಒಂದಷ್ಟು ಜರಿಯಿತು. ಎಲ್ಲರೂ ಊಟಕ್ಕೆ ಹೋಗಿದ್ದರಿಂದ ಉಳಿದುಕೊಂಡರು. ಹೆಲ್ಮೆಟ್, ಬೆಲ್ಟ್, ಬೂಟು ಎಲ್ಲ ತಂದುಕೊಟ್ಟೆ, ಹಾಕುವುದಿಲ್ಲ. ನೂರು ರೂಪಾಯಿ ದಂಡ ಹಾಕಿದೆ, ನಾಲ್ಕು ಜನ ಬಿಟ್ಟುಹೋದರು. ‘ಇವರಿಗೆ ಜೀವದ ಮೇಲೆ ಆಸೆಯೇ ಇಲ್ಲ’ ಎನ್ನುತ್ತಾನೆ ಮೇಸ್ತ್ರಿ. ಎಂಜಿನಿಯರ್ ಗೆಳೆಯರೊಬ್ಬರು ಇದು ಮಾನವ ಸಂಪನ್ಮೂಲ ನಿರ್ವಹಣೆಯ ಸಮಸ್ಯೆ ಎಂದರು. ಅದೆಲ್ಲ ದೊಡ್ಡ ಕಂಪನಿಗಳಿಗಲ್ಲವೇ? ನನ್ನಂಥವನು ಏನು ಮಾಡಬಹುದು? ಬಿದ್ದ ಹುಡುಗನಿಗೆ ನಾನು ಏನಾದರೂ ಕೊಡಬೇಕೇ? ಅವನು ಬೆಲ್ಟ್ ಹಾಕಿರಲಿಲ್ಲ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹೆಲ್ಮೆಟ್ಟಿನ ಬಗ್ಗೆ ಹೆಚ್ಚು ಬರೆದಿದ್ದೀರಿ, ಆದರೆ ನಿಮ್ಮ ನಿಜವಾದ ಭಯ ‘ಊಟಕ್ಕೆ ಹೋಗಿದ್ದರು’ ಎಂಬ ಮಾತಿನಲ್ಲಿದೆ ಎಂದು ನನಗನ್ನಿಸಿತು. ಮುಂದಿನ ಸಲ ಅದು ಊಟದ ಹೊತ್ತಾಗಿರದಿದ್ದರೆ ಏನು ಗತಿ ಎಂಬುದು ನಿಮ್ಮ ಪ್ರಶ್ನೆ. ಹಾಗಾಗಿ ಅಲ್ಲಿಂದಲೇ ಹಿಡಿಯುತ್ತೇನೆ.

ಮಾನವ ಸಂಪನ್ಮೂಲ ನಿರ್ವಹಣೆ ಎಂಬ ಹೆಸರು ದೊಡ್ಡದಾದರೂ, ಕಟ್ಟಡದ ಜಾಗದಲ್ಲಿ ಅದರ ಅರ್ಥ ಇಷ್ಟೇ: ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತೀರಿ, ಯಾರ ಮೂಲಕ ತೆಗೆದುಕೊಳ್ಳುತ್ತೀರಿ, ಮೊದಲ ದಿನ ಅವನನ್ನು ಎಲ್ಲಿ ನಿಲ್ಲಿಸುತ್ತೀರಿ, ಕೂಲಿಯನ್ನು ಯಾವ ಲೆಕ್ಕದಲ್ಲಿ ಕೊಡುತ್ತೀರಿ, ಮತ್ತು ಅವನು ಏನಾದರೂ ಹೇಳಿದರೆ ಆ ಮಾತು ಯಾರ ಕಿವಿಗೆ ಬೀಳುತ್ತದೆ. ಈ ಐದನ್ನೂ ನೀವು ಈಗಾಗಲೇ ಮಾಡುತ್ತಿದ್ದೀರಿ, ಆದರೆ ಅದರಲ್ಲಿ ಬಹುಪಾಲನ್ನು ಮೇಸ್ತ್ರಿಯ ಕೈಗೆ ಬಿಟ್ಟಿದ್ದೀರಿ. ಇಪ್ಪತ್ತು ಜನರ ಸೈಟಿನಲ್ಲಿ ಪ್ರತಿಯೊಬ್ಬರ ಹೆಸರನ್ನೂ ನೀವು ನೆನಪಿಟ್ಟುಕೊಳ್ಳಬಹುದು. ಇನ್ನೂರು ಜನರನ್ನು ಇಟ್ಟುಕೊಂಡ ಕಂಪನಿಗೆ ಆ ಅನುಕೂಲ ಇಲ್ಲ.

ಮೇಸ್ತ್ರಿಯ ಮಾತನ್ನು ಮೊದಲು ಪಕ್ಕಕ್ಕಿಡೋಣ. ಕೆಲಸಗಾರರ ಅಜಾಗರೂಕತೆಯೇ ಅಪಘಾತಕ್ಕೆ ಕಾರಣ ಎಂಬ ನಂಬಿಕೆ ಅವನೊಬ್ಬನದಲ್ಲ, ಬಹಳ ಹಳೆಯದು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್ರಿಕ್ ಎಂಬವರು 1931ರಲ್ಲಿ, ನೂರಕ್ಕೆ 88 ಅಪಘಾತಗಳಿಗೆ ಕೆಲಸಗಾರರ ಅಸುರಕ್ಷಿತ ನಡವಳಿಕೆಯೇ ಕಾರಣ ಎಂದು ಬರೆದರು, ಮತ್ತು ಆ ಅಂಕಿ ಇಂದಿಗೂ ತರಬೇತಿಗಳಲ್ಲಿ ಓಡಾಡುತ್ತಿದೆ. ಅವರು ಆಧಾರವಾಗಿಟ್ಟುಕೊಂಡ ಅಪಘಾತ ವರದಿಗಳನ್ನು ಬರೆಯುತ್ತಿದ್ದವರು ಮೇಲ್ವಿಚಾರಕರು ಎಂಬ ಕಾರಣಕ್ಕೆ ಅನಂತರದ ತಜ್ಞರು ಅದನ್ನು ಒಪ್ಪಿಲ್ಲ. ವರದಿ ಬರೆಯುವವನು ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವುದು ಅಪರೂಪ. ನಿಮ್ಮ ಮೇಸ್ತ್ರಿಯೂ ಅದನ್ನೇ ಮಾಡುತ್ತಿದ್ದಾನೆ. ಅವನನ್ನು ಕೆಟ್ಟವನೆಂದು ನಾನು ಹೇಳುತ್ತಿಲ್ಲ, ಚದರಡಿ ಲೆಕ್ಕದಲ್ಲಿ ಕೆಲಸ ಒಪ್ಪಿಕೊಂಡವನಿಗೆ ಬೇರೆ ರೀತಿಯಲ್ಲಿ ನೋಡುವುದು ಕಷ್ಟ.

ನನ್ನ ಅನುಭವದ ಒಂದು ಸಂಗತಿ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಸೋಮವಾರಪೇಟೆ ಕಡೆಯ ಒಂದು ಸೈಟಿನಲ್ಲಿ ಬರೆ ಜರಿದ ಮೇಲೆ ನನ್ನನ್ನು ಕರೆಸಿದ್ದರು. ಒಬ್ಬನ ಕಾಲು ಮಣ್ಣಿನಡಿ ಸಿಕ್ಕಿಕೊಂಡು ಮುರಿದಿತ್ತು. ಬರೆಯ ನೆತ್ತಿಗೆ ಹತ್ತಿ ನೋಡಿದಾಗ, ಕಾಫಿ ಗಿಡಗಳ ಬುಡದಿಂದ ಎರಡು ಮಾರು ಈಚೆಗೆ ಉದ್ದಕ್ಕೆ ಬಿರುಕು ಬಿಟ್ಟಿತ್ತು, ಅದರ ಮೇಲೆ ನೀಲಿ ಟಾರ್ಪಾಲು ಹೊದಿಸಿ ಅಂಚಿಗೆ ಕಲ್ಲು ಹೇರಿದ್ದರು. ಟಾರ್ಪಾಲು ಹೊದಿಸಿದ್ದು ಬಂಗಾಳದ ಮಾಲ್ಡಾ ಕಡೆಯ ಇಪ್ಪತ್ತರ ಹುಡುಗ. ಅವನನ್ನು ಒಬ್ಬನನ್ನೇ ಕೂರಿಸಿಕೊಂಡು, ಹಿಂದಿ ಬಲ್ಲವರೊಬ್ಬರ ಸಹಾಯದಿಂದ ಮಾತಾಡಿಸಿದೆ. ಬಿರುಕು ಮೂರು ದಿನದಲ್ಲಿ ಒಂದು ಬೆರಳಿನಿಂದ ನಾಲ್ಕು ಬೆರಳಿನ ಅಗಲಕ್ಕೆ ಬಂದದ್ದನ್ನು ಅವನು ನೋಡಿದ್ದ, ರಾತ್ರಿ ಶೆಡ್ಡಿನಲ್ಲಿ ಜೊತೆಯವನಿಗೆ ಹೇಳಿಯೂ ಇದ್ದ. ಮೇಸ್ತ್ರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ಹಿಂದಿನ ವಾರ ಮಳೆಗೆ ಎರಡು ದಿನ ಕೆಲಸ ನಿಂತು ಯಾರಿಗೂ ಕೂಲಿ ಸಿಕ್ಕಿರಲಿಲ್ಲ, ಮತ್ತೆ ನನ್ನಿಂದ ನಿಂತಿತು ಅಂತ ಆದರೆ ಜೊತೆಯವರು ಸುಮ್ಮನಿರುತ್ತಾರೆಯೇ ಎಂದ. ಜೀವದ ಮೇಲೆ ಆಸೆ ಇಲ್ಲದವನು ಬಿರುಕಿನ ಅಗಲವನ್ನು ಬೆರಳಿನಲ್ಲಿ ಅಳೆಯುವುದಿಲ್ಲ. ಅಪಾಯ ಅವನಿಗೆ ಎಲ್ಲರಿಗಿಂತ ಮೊದಲು ಕಂಡಿತ್ತು. ಅದನ್ನು ಹೇಳಿದರೆ ಅವನೊಬ್ಬನೇ ಅಲ್ಲ, ಅವನ ಜೊತೆಯವರೆಲ್ಲ ಕಳೆದುಕೊಳ್ಳುವಂಥ ಕೂಲಿಯ ಲೆಕ್ಕವನ್ನು ನಾವು ಮಾಡಿಟ್ಟಿದ್ದೆವು. ಆ ದಿನದಿಂದ ನಾನು ಸೈಟಿಗೆ ಹೋದಾಗ ಹೆಲ್ಮೆಟ್ಟುಗಳನ್ನು ಎಣಿಸುವ ಮೊದಲು ಹಾಜರಿ ಪುಸ್ತಕ ಮತ್ತು ಕೂಲಿಯ ಲೆಕ್ಕ ತೋರಿಸಿ ಎನ್ನುತ್ತೇನೆ.

ಕೊಡಗಿನಲ್ಲಿ ಈ ತೊಡಕು ಬೇರೆ ಜಿಲ್ಲೆಗಳಿಗಿಂತ ಬಿಗಿಯಾಗಿದೆ. ನಮ್ಮಲ್ಲಿ ಕಟ್ಟಡದ ಕಾಲ ಮಳೆಗಾಲ ಕಳೆದ ಮೇಲೆ ಶುರುವಾಗಿ ಮೇ ತಿಂಗಳಿಗೆ ಮುಗಿಯುತ್ತದೆ. ಅದೇ ತಿಂಗಳುಗಳಲ್ಲಿ ಅರೇಬಿಕಾ ಕೊಯ್ಲು, ಅದರ ಹಿಂದೆಯೇ ರೊಬಸ್ಟಾ, ಆಮೇಲೆ ಕರಿಮೆಣಸು. ಕೆ.ಜಿ. ಲೆಕ್ಕದಲ್ಲಿ ಒಳ್ಳೆಯ ಹಣ ಸಿಗುವಾಗ ಊರಿನ ಪಳಗಿದ ಕೈಗಳು ತೋಟಕ್ಕೆ ಹೋಗುತ್ತವೆ, ಅದರಲ್ಲಿ ತಪ್ಪೂ ಇಲ್ಲ. ಅವರ ಜಾಗಕ್ಕೆ ಮೇಸ್ತ್ರಿ ಹೊಸಬರನ್ನು ತರುತ್ತಾನೆ. ಹೊಸಬರು ಬಂದು ವಾರವಾಗುವ ಮೊದಲೇ ಹೂಮಳೆ (ಕಾಫಿ ಹೂ ಅರಳಿಸುವ ಬೇಸಗೆಯ ಮಳೆ) ಬರುತ್ತದೆ, ಆಮೇಲೆ ಮಳೆ ಹಿಡಿಯುವುದರೊಳಗೆ ಸ್ಲ್ಯಾಬ್ ಆಗಲೇಬೇಕು ಎಂಬ ಅವಸರ. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಂತಿದ್ದ ಕೆಂಪು ಮಣ್ಣಿನ ಬರೆ ನೀರು ಕುಡಿದ ಮೇಲೆ ಹೇಗೆ ವರ್ತಿಸುತ್ತದೆ ಎಂಬುದನ್ನು 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ನೋಡಿದ ನಮಗೆ ಹೇಳಬೇಕಾಗಿಲ್ಲ. ಆದರೆ ಬಯಲುಸೀಮೆಯಿಂದ ಬಂದ ಹುಡುಗನಿಗೆ ಅದನ್ನು ಹೇಳಬೇಕು. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನ ಮಣ್ಣು ಅವನು ಕಂಡ ಮಣ್ಣಲ್ಲ. ಕೆನಡಾದ ಟೊರಾಂಟೊದಲ್ಲಿರುವ ಕೆಲಸ ಮತ್ತು ಆರೋಗ್ಯ ಸಂಶೋಧನಾ ಸಂಸ್ಥೆಯ ಅಧ್ಯಯನಗಳಲ್ಲಿ, ಒಂದು ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಗಾಯಗೊಳ್ಳುವ ಸಂಭವ, ವರ್ಷ ಕಳೆದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಎಂದು ಕಂಡುಬಂದಿದೆ. ಮಾರ್ಚ್‌ನಲ್ಲಿ ಬಿದ್ದ ನಿಮ್ಮ ಹುಡುಗ ಕೆಲಸಕ್ಕೆ ಸೇರಿ ಎಷ್ಟು ದಿನವಾಗಿತ್ತು ಎಂದು ಒಮ್ಮೆ ನೋಡಿ.

ಇನ್ನು ಹೆಲ್ಮೆಟ್, ಬೆಲ್ಟ್. ಇವು ಬೇಡ ಎಂದು ನಾನು ಎಂದಿಗೂ ಹೇಳುವುದಿಲ್ಲ, ಆದರೆ ಸುರಕ್ಷತೆಯ ಸಾಲಿನಲ್ಲಿ ಇವು ಕೊನೆಯವು. ಮೊದಲು ಅಪಾಯವನ್ನೇ ತೆಗೆಯಬೇಕು, ಆಗದಿದ್ದರೆ ಅಡ್ಡ ಕಟ್ಟಬೇಕು, ಅದೂ ಆಗದಿದ್ದರೆ ಕೆಲಸದ ಕ್ರಮ ಬದಲಿಸಬೇಕು, ಉಳಿದದ್ದಕ್ಕೆ ಹೆಲ್ಮೆಟ್. ಒಂದು ಘನ ಮೀಟರ್ ಹಸಿ ಮಣ್ಣು ಹೆಚ್ಚುಕಡಿಮೆ ಎರಡು ಟನ್ ತೂಗುತ್ತದೆ. ಅದು ಮೈಮೇಲೆ ಬಿದ್ದವನನ್ನು ಹೆಲ್ಮೆಟ್ ಉಳಿಸುವುದಿಲ್ಲ. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಆನಿಕೆ ಕೊಡಬೇಕು ಎಂದು ಭಾರತೀಯ ಮಾನಕ ಬ್ಯೂರೋದ ಅಗೆತದ ಸಂಹಿತೆ ಹೇಳುತ್ತದೆ. ನಿಮ್ಮ ಹಿಂಬದಿಯ ಬರೆ ಅದಕ್ಕಿಂತ ಎಷ್ಟು ಪಟ್ಟು ಎತ್ತರ ಇದೆಯೋ ನನಗೆ ಕಾಣದು, ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕೇ, ತಡೆಗೋಡೆ ಮೊದಲು ಏರಿಸಬೇಕೇ ಎಂಬುದನ್ನು ಮಣ್ಣು ಬಲ್ಲ ಎಂಜಿನಿಯರ್ ಬಂದು ನೋಡಿಯೇ ಹೇಳಬೇಕು. ಆ ತೀರ್ಮಾನ ಆಗುವ ತನಕ ಬರೆಯ ಬುಡದಲ್ಲಿ ಯಾರನ್ನೂ ನಿಲ್ಲಿಸಬೇಡಿ, ಕೆಲಸಗಾರರ ಶೆಡ್ಡು ಅದರ ಕೆಳಗಿದ್ದರೆ ಇಂದೇ ಬೇರೆ ಕಡೆಗೆ ಸಾಗಿಸಿ. ಹಗಲು ಜರಿದರೆ ಓಡಲು ಅವಕಾಶವಿದೆ, ರಾತ್ರಿ ಮಲಗಿದವರಿಗೆ ಅದೂ ಇಲ್ಲ.

ಹಾಕುವುದಿಲ್ಲ ಎಂದಿರಲ್ಲ, ಯಾಕೆ ಹಾಕುವುದಿಲ್ಲ ಎಂದು ಅವರನ್ನೇ ಕೇಳಿದ್ದೀರಾ? ನಾನು ಕೇಳಿದ ಕಡೆಯೆಲ್ಲ ಸಿಕ್ಕ ಉತ್ತರಗಳು ಬಹಳ ಸರಳವಾಗಿದ್ದವು. ಗದ್ದದ ಪಟ್ಟಿ ಇಲ್ಲದ ಹೆಲ್ಮೆಟ್, ಕಂಬಿ ಕಟ್ಟಲು ಬಗ್ಗಿದಾಗಲೆಲ್ಲ ಬೀಳುತ್ತದೆ. ನಿನ್ನೆ ಇನ್ನೊಬ್ಬ ಹಾಕಿದ್ದ, ಬೆವರು ಆರದ ಹೆಲ್ಮೆಟ್ಟನ್ನು ಯಾರೂ ತಲೆಗೆ ಏರಿಸಲಾರರು. ಬೆಲ್ಟ್ ಹಾಕಿಕೊಂಡರೆ ಅದರ ಕೊಕ್ಕೆಯನ್ನು ಸಿಕ್ಕಿಸುವುದಕ್ಕೆ ಸಾರುವೆಯಲ್ಲಿ ಗಟ್ಟಿಯಾದ ಜಾಗವೇ ಇರುವುದಿಲ್ಲ. ಬಿದಿರಿಗೆ ಸಿಕ್ಕಿಸಿದರೆ ಬಿದಿರಿನ ಸಮೇತ ಬೀಳುತ್ತೇವೆ ಎಂದು ಒಬ್ಬರು ಹೇಳಿದ್ದು ಅಕ್ಷರಶಃ ಸರಿ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟ್ ಬಿದ್ದಾಗ ಬೆನ್ನು, ಹೊಟ್ಟೆಗೆ ಪೆಟ್ಟು ಮಾಡುತ್ತದೆ, ತೊಡೆ ಮತ್ತು ಭುಜವನ್ನು ಹಿಡಿಯುವ ಪೂರ್ಣ ಸರಂಜಾಮು ಬೇಕು. ಒಬ್ಬೊಬ್ಬರಿಗೂ ಹೆಸರು ಬರೆದ ಸ್ವಂತ ಹೆಲ್ಮೆಟ್ ಕೊಡಿ, ಗಟ್ಟಿಯಾದ ಕಾಲಮ್ಮಿಗೆ ಅಥವಾ ಸ್ಲ್ಯಾಬಿಗೆ ಭದ್ರವಾಗಿ ಕಟ್ಟಿದ ಆಧಾರದ ಹಗ್ಗ ಹಾಕಿಸಿ. ಅದಾದ ಮೇಲೆ ಹಾಕದಿದ್ದವನನ್ನು ಕೇಳುವ ಹಕ್ಕು ನಿಮಗೆ ಬರುತ್ತದೆ. ದಂಡವನ್ನು ಮಾತ್ರ ಪೂರ್ತಿ ಬಿಟ್ಟುಬಿಡಿ. ನೂರು ರೂಪಾಯಿ ಕಳೆದುಕೊಂಡವನು ಹೆಲ್ಮೆಟ್ಟನ್ನು ನೀವು ಬಂದಾಗ ಹಾಕುತ್ತಾನೆ, ಹೋದಾಗ ತೆಗೆಯುತ್ತಾನೆ, ಸಣ್ಣ ಗಾಯವಾದರೆ ಮುಚ್ಚಿಡುತ್ತಾನೆ. ಇಷ್ಟು ದಿನ ಅಪಘಾತ ಆಗದಿದ್ದರೆ ಬಹುಮಾನ ಎಂಬ ಬೋರ್ಡಿನ ಕತೆಯೂ ಅಷ್ಟೇ, ಬಹುಮಾನ ತಪ್ಪಿಸಿದವನಾಗಲು ಯಾರಿಗೂ ಇಷ್ಟವಿರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಬೇರೆಲ್ಲಕ್ಕಿಂತ ಮೊದಲು ನಾನು ಹೇಳುವುದು ಮಳೆಯ ಕೂಲಿ. ಬರೆ ಅಥವಾ ಸಾರುವೆ ಅಪಾಯವೆಂದು ಕೆಲಸ ನಿಲ್ಲಿಸಿದ ದಿನ ಬಂದವರಿಗೆಲ್ಲ ಅರ್ಧ ಕೂಲಿ ಎಂದು ಗೊತ್ತುಮಾಡಿ, ಎಲ್ಲರ ಎದುರು ಹೇಳಿ. ಲೆಕ್ಕಕ್ಕೆ ದಿನಗೂಲಿ 800 ರೂಪಾಯಿ ಎಂದಿಟ್ಟುಕೊಂಡರೆ, ಇಪ್ಪತ್ತು ಜನರಿಗೆ ಅರ್ಧ ಕೂಲಿ ದಿನಕ್ಕೆ 8,000. ಏಪ್ರಿಲ್, ಮೇ ಸೇರಿ ಅಂಥ ಹತ್ತು ದಿನ ಬಂದರೂ 80,000. ಒಂದು ಕೋಟಿಯ ಕೆಲಸದಲ್ಲಿ ಅದು ನೂರಕ್ಕೆ ಒಂದು ರೂಪಾಯಿಯೂ ಆಗುವುದಿಲ್ಲ, ಮುಂದಿನ ಕೆಲಸದ ಅಂದಾಜು ಪಟ್ಟಿಯಲ್ಲಿ ಅದನ್ನು ಸೇರಿಸಿಯೇ ದರ ಹೇಳಬಹುದು. ಇದರಲ್ಲಿ ಅಪಾಯವೂ ಇದೆ, ಸುಮ್ಮನೆ ಕೆಲಸ ನಿಲ್ಲಿಸಿ ಕೂಲಿ ಕೇಳುವವರು ಇರಬಹುದು. ನಾನು ಕಂಡಂತೆ ಅರ್ಧ ಕೂಲಿಗಾಗಿ ಪೂರ್ತಿ ಕೂಲಿ ಬಿಡುವವರು ಬಹಳ ಕಡಿಮೆ. ಆ ದಿನ ಒಳಗಿನ ಪ್ಲಾಸ್ಟರ್, ಕಂಬಿ ಬಗ್ಗಿಸುವುದು, ಸಾಮಾನು ವಿಂಗಡಿಸುವುದು ಇದ್ದರೆ ಅದಕ್ಕೆ ಹಚ್ಚಿ ಪೂರ್ತಿ ಕೂಲಿಯನ್ನೇ ಕೊಡಿ.

ಎರಡನೆಯದು ಹೊಸಬರ ವಿಚಾರ. ಮೇಸ್ತ್ರಿ ಯಾರನ್ನೇ ತರಲಿ, ನಿಮ್ಮನ್ನು ನೋಡದೆ ಅವನು ಕೆಲಸಕ್ಕೆ ಇಳಿಯಬಾರದು. ಹೆಸರು, ವಯಸ್ಸು, ಊರು, ಮನೆಯವರ ಫೋನ್ ನಂಬರು, ಹಿಂದೆ ಮಾಡಿದ ಕೆಲಸ, ಎತ್ತರದಲ್ಲಿ ತಲೆ ಸುತ್ತುತ್ತದೆಯೇ, ಮೂರ್ಛೆ ಬಂದದ್ದುಂಟೇ ಎಂಬಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮೊದಲ ಎರಡು ವಾರ ಅವನನ್ನು ಸಾರುವೆಗೂ ಬರೆಯ ಬುಡಕ್ಕೂ ಕಳುಹಿಸಬೇಡಿ, ಹೆಲ್ಮೆಟ್ಟಿಗೆ ಹಳದಿ ಪಟ್ಟಿ ಸುತ್ತಿ, ಅವನ ಭಾಷೆ ಬಲ್ಲ ಹಳಬನೊಬ್ಬನಿಗೆ ಜೊತೆ ಹಾಕಿ. ಊರಿನ ಅನುಭವಿ ಗಾರೆಯವರಿಗೆ ಇದೆಲ್ಲ ಬೇಡ ಎಂಬ ಮಾತು ಬರುತ್ತದೆ. ಆದರೆ ಮೂವತ್ತು ವರ್ಷ ಒಂದಂತಸ್ತಿನ ಮನೆ ಕಟ್ಟಿದವರಿಗೆ ಮೂರನೇ ಅಂತಸ್ತಿನ ಸಾರುವೆ ಹೊಸತೇ. ನಿಲ್ಲು ಎಂಬ ಮಾತನ್ನಾದರೂ ಇಡೀ ಸೈಟು ಎಲ್ಲ ಭಾಷೆಗಳಲ್ಲಿ ಕಲಿಯಲಿ. ‘ನಿಲ್ಲು’, ‘ರುಕೋ’, ಬಂಗಾಳಿಯ ‘ಥಾಮೋ’, ಇವುಗಳಲ್ಲಿ ಯಾವುದು ಕಿವಿಗೆ ಬಿದ್ದರೂ ಜೆಸಿಬಿ ನಡೆಸುವವನೂ ಸೇರಿ ಎಲ್ಲರ ಕೈ ನಿಲ್ಲಬೇಕು. ಆ ಮಾತನ್ನು ಕೂಗಿದವನು ತಪ್ಪಾಗಿ ಕೂಗಿದ್ದರೂ ಅವನನ್ನು ಗದರಬಾರದು. ಒಮ್ಮೆ ಗದರಿದರೆ ಮತ್ತೆ ಯಾರೂ ಕೂಗುವುದಿಲ್ಲ.

ಬೆಳಗ್ಗೆ ಹತ್ತು ನಿಮಿಷ ಎಲ್ಲರನ್ನೂ ಸೇರಿಸಿ. ಭಾಷಣ ಬೇಡ, ನಿನ್ನೆಯಿಂದ ಇವತ್ತಿಗೆ ಏನು ಬದಲಾಗಿದೆ ಎಂದು ಕೇಳಿ. ರಾತ್ರಿ ಮಳೆಯಾಗಿದ್ದರೆ ಇಬ್ಬರು ಸುತ್ತುಬಳಸಿ ಬರೆಯ ನೆತ್ತಿಗೆ ಹೋಗಿ ನೋಡಿ ಬರಲಿ, ಒಬ್ಬ ಊರಿನವನು, ಒಬ್ಬ ಹೊರಗಿನವನು. ಬಿರುಕು ಕಂಡರೆ ಅದರ ಆಚೆ ಒಂದು, ಈಚೆ ಒಂದು ಗೂಟ ಹೊಡೆದು, ನಡುವಿನ ಅಂತರಕ್ಕೆ ಸರಿಯಾಗಿ ಒಂದು ಕೋಲು ಕತ್ತರಿಸಿ ಅಲ್ಲೇ ಇಟ್ಟಿರಬೇಕು. ಮರುದಿನ ಕೋಲು ಎರಡು ಗೂಟಗಳ ನಡುವೆ ಸಡಿಲವಾಗಿ ಕೂತರೆ ಅಂದು ಕೆಳಗೆ ಕೆಲಸ ಇಲ್ಲ. ಎಂಜಿನಿಯರ್ ಬಂದು ನೋಡುವುದಕ್ಕೆ ಇದು ಬದಲಿಯಲ್ಲ, ಆದರೆ ಅವರು ಬರುವವರೆಗೆ ಕೂಲಿಗಾರನೂ ಮಾಡಬಲ್ಲ ಅಳತೆ ಇದು.

ಮೇಸ್ತ್ರಿಯನ್ನು ಏನು ಮಾಡುವುದು ಎಂಬುದು ಕಷ್ಟದ ಪ್ರಶ್ನೆ. ಅವನನ್ನು ಬಿಟ್ಟರೆ ಆಳುಗಳು ಅವನ ಹಿಂದೆಯೇ ಹೋಗುತ್ತಾರೆ, ಮುಂಗಡದ ಸಾಲ ಅವನ ಕೈಯಲ್ಲಿದೆ. ಅವನನ್ನು ಹಾಗೆಯೇ ಇಟ್ಟುಕೊಂಡರೆ ಸೈಟಿನ ಸುದ್ದಿ ನಿಮಗೆ ಅವನು ಸೋಸಿಕೊಟ್ಟಷ್ಟೇ ಸಿಗುತ್ತದೆ. ಇಪ್ಪತ್ತರಲ್ಲಿ ಎಂಟು ಜನರನ್ನಾದರೂ, ಸಾರುವೆ ಕಟ್ಟುವವರನ್ನು ಮತ್ತು ಸೆಂಟ್ರಿಂಗ್‌ನವರನ್ನು ಮುಖ್ಯವಾಗಿ, ನಿಮ್ಮ ಸ್ವಂತ ಹಾಜರಿಗೆ ತಂದುಕೊಂಡು, ಮಳೆಗಾಲದಲ್ಲೂ ಒಳಗಿನ ಕೆಲಸ ಕೊಟ್ಟು ಉಳಿಸಿಕೊಳ್ಳುವುದು ನನಗೆ ಒಳ್ಳೆಯದೆನಿಸುತ್ತದೆ. ಖರ್ಚು ಹೆಚ್ಚು, ಮಳೆ ಜೋರಾಗಿರುವ ಕಕ್ಕಡದ ತಿಂಗಳಲ್ಲಿ ಕೆಲಸವಿಲ್ಲದೆ ಕೂಲಿ ಕೊಡುವ ದಿನಗಳೂ ಬರುತ್ತವೆ. ಆದರೆ ಪ್ರತಿ ನವೆಂಬರಿನಲ್ಲಿ ಹೊಸಬರಿಂದ ಶುರುಮಾಡುವ ಅಪಾಯ ತಪ್ಪುತ್ತದೆ. ಉಳಿದವರಿಗೆ ಮೇಸ್ತ್ರಿ ಇರಲಿ, ಆದರೆ ಅಪಾಯದ ಭಾಗಗಳನ್ನು ಚದರಡಿ ಲೆಕ್ಕದಿಂದ ತೆಗೆದು ದಿನಗೂಲಿಗೆ ಹಾಕಿ, ಕೂಲಿಯನ್ನು ಒಬ್ಬೊಬ್ಬರ ಖಾತೆಗೆ ನೇರವಾಗಿ ಕಳುಹಿಸಿ. ಹೊರಗಿನಿಂದ ಸೇಫ್ಟಿ ಸೂಪರ್‌ವೈಸರ್ ತರಬಹುದು, ಆದರೆ ಕೆಲಸ ನಿಲ್ಲಿಸುವ ಅಧಿಕಾರ ಕೊಡದಿದ್ದರೆ ಅವನು ಕಾಗದ ತುಂಬಿಸುವವನಾಗುತ್ತಾನೆ. ಕುಡಿತದ ವಿಷಯವನ್ನು ನೀವು ಬರೆದಿಲ್ಲವಾದರೂ ಒಂದು ಮಾತು: ಶನಿವಾರದ ಬಟವಾಡೆಯನ್ನು ವಾರದ ನಡುವಿಗೆ ತಂದ ಸೈಟುಗಳಲ್ಲಿ ಸೋಮವಾರದ ಬೆಳಗು ಎಷ್ಟೋ ಸುಧಾರಿಸಿದ್ದನ್ನು ಕಂಡಿದ್ದೇನೆ.

ಕಾನೂನನ್ನು ಚಿಕ್ಕದಾಗಿ ಹೇಳುತ್ತೇನೆ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಟ್ಟಡದ ಕೆಲಸ 1996ರ ನಿರ್ಮಾಣ ಕಾರ್ಮಿಕರ ಕಾಯ್ದೆಯಿಂದ ಕಾನೂನಿನ ವ್ಯಾಪ್ತಿಗೆ ಬಂದಿದೆ. ಆ ವಿಷಯಗಳನ್ನು ಈಗ 2020ರ ವೃತ್ತಿ ಸುರಕ್ಷತೆಯ ಸಂಹಿತೆಯೊಳಗೆ ಸೇರಿಸಲಾಗಿದೆ. ನಿಮ್ಮದು ಇಪ್ಪತ್ತು ಜನರ ವಾಣಿಜ್ಯ ಕಟ್ಟಡ, ಆದ್ದರಿಂದ ನೋಂದಣಿ ಮತ್ತು ಸೆಸ್ (ಕಾರ್ಮಿಕರ ಕಲ್ಯಾಣಕ್ಕೆಂದು ಕಟ್ಟುವ ಸುಂಕ) ವಿಚಾರವನ್ನು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ಸರಿಪಡಿಸಿಕೊಳ್ಳಿ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ನಿರ್ಮಾಣದಲ್ಲಿ ದುಡಿದ ಕಾರ್ಮಿಕರು ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆ 90 ದಿನಕ್ಕೆ ಸಾಕ್ಷಿ ನಿಮ್ಮ ಹಾಜರಿ ಪುಸ್ತಕವೇ, ಅದು ಮೇಸ್ತ್ರಿಯ ಜೇಬಿನ ಚೀಟಿಯಲ್ಲಿದ್ದರೆ ಯಾರಿಗೂ ಉಪಯೋಗವಿಲ್ಲ. ಜೊತೆಗೆ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಸಿಗುವ ನೌಕರರ ಪರಿಹಾರ ವಿಮೆಯನ್ನು, ಮೇಸ್ತ್ರಿಯ ಆಳುಗಳೂ ಸೇರುವಂತೆ ಬರೆಸಿ, ಮಾಡಿಸಿಕೊಳ್ಳಿ.

ಕೊನೆಗೆ ಬಿದ್ದ ಹುಡುಗ. ಹೌದು, ಕೊಡಬೇಕು. 1923ರ ನೌಕರರ ಪರಿಹಾರ ಕಾಯ್ದೆಯಿಂದ ಬಂದ ತತ್ತ್ವದಂತೆ, ಕೆಲಸದ ನಡುವೆ ಆದ ಗಾಯದಿಂದ ಮೂರು ದಿನಕ್ಕಿಂತ ಹೆಚ್ಚು ದುಡಿಯಲಾಗದಿದ್ದರೆ ಪರಿಹಾರ ಸಲ್ಲಬೇಕು, ಮತ್ತು ಅವನು ಮೇಸ್ತ್ರಿಯ ಆಳು ಎಂಬ ಕಾರಣಕ್ಕೆ ಕೆಲಸ ಮಾಡಿಸಿದವರ ಹೊಣೆ ತಪ್ಪುವುದಿಲ್ಲ. ಚಿಕಿತ್ಸೆಯ ಖರ್ಚು ಪೂರ್ತಿಯಾಗಿ ನಿಮ್ಮದು. ದುಡಿಯಲಾಗದ ಅವಧಿಗೆ ಪ್ರತಿ ಅರ್ಧ ತಿಂಗಳಿಗೆ ಮಾಸಿಕ ಕೂಲಿಯ ನೂರಕ್ಕೆ 25ರಷ್ಟು ಕೊಡಬೇಕು. ಕೈ ಮೊದಲಿನಂತೆ ಆಗದಿದ್ದರೆ, ದುಡಿಯುವ ಶಕ್ತಿ ಎಷ್ಟು ಕುಗ್ಗಿತೆಂದು ವೈದ್ಯರು ಹೇಳುವುದರ ಮೇಲೆ ಬೇರೆ ಪರಿಹಾರ ಬರುತ್ತದೆ. ಬೆಲ್ಟ್ ಹಾಕಿರಲಿಲ್ಲ ಎಂಬುದನ್ನು ನೆಚ್ಚಿಕೊಳ್ಳಬೇಡಿ. ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದಾನೆಂದು ತೋರಿಸುವ ಭಾರ ನಿಮ್ಮ ಮೇಲೆ ಬರುತ್ತದೆ, ಕೊಕ್ಕೆ ಸಿಕ್ಕಿಸಲು ಜಾಗವೇ ಇಲ್ಲದ ಸಾರುವೆಯಲ್ಲಿ ಬೆಲ್ಟ್ ಹಾಕು ಎಂದದ್ದು ಆದೇಶವೆನಿಸುವುದು ಕಷ್ಟ. ಒಟ್ಟು ಮೊತ್ತಕ್ಕೆ ರಾಜಿ ಮಾಡಿಕೊಳ್ಳುವುದಾದರೆ ಬಿಳಿ ಹಾಳೆಯ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳದೆ, ಪರಿಹಾರದ ವಿಷಯ ನೋಡುವ ಅಧಿಕಾರಿಯ ಮುಂದೆ ನೋಂದಾಯಿಸಿ.

ಅದಕ್ಕೂ ಮೊದಲು, ಮೇಸ್ತ್ರಿ ಇಲ್ಲದ ಹೊತ್ತಿನಲ್ಲಿ ಅವನ ಶೆಡ್ಡಿಗೆ ನೀವೇ ಹೋಗಿ. ಕೈ ಹೇಗಿದೆ ಎಂದು ಕೇಳಿ, ಇಷ್ಟು ದಿನ ಊಟಕ್ಕೆ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿ, ಹೇಗೆ ಬಿದ್ದ ಎಂಬುದನ್ನು ಅವನ ಮಾತಿನಲ್ಲೇ ಹೇಳಿಸಿ ಬರೆದುಕೊಳ್ಳಿ. ಸಾರುವೆಯ ಯಾವ ಹಲಗೆ ಮಗುಚಿತು ಎಂಬುದು ಅವನಿಗೆ ಗೊತ್ತಿರುತ್ತದೆ. ಆ ಹಲಗೆ ಇನ್ನೂ ಅಲ್ಲೇ ಇದ್ದರೆ ಅಂದೇ ಇಳಿಸಿ.